ಶಿಕ್ಷಕರ ತರಬೇತಿಯ ಹಣ ತರಗತಿಯ ಬಾಗಿಲು ದಾಟಬೇಕು

ಅಮೆರಿಕದಲ್ಲಿ ಸರ್ಕಾರಿ ಶಾಲೆಗಳನ್ನು ನಡೆಸುವುದು ರಾಜ್ಯಗಳು ಮತ್ತು ಊರಿನ ಶಾಲೆಗಳನ್ನು ನೋಡಿಕೊಳ್ಳುವ ಸ್ಥಳೀಯ ಆಡಳಿತ ಘಟಕಗಳಾದ ಸ್ಕೂಲ್ ಡಿಸ್ಟ್ರಿಕ್ಟ್‌ಗಳು. ಒಟ್ಟು ಖರ್ಚಿನಲ್ಲಿ ವಾಷಿಂಗ್ಟನ್ನಿನ ಪಾಲು ಹತ್ತರಲ್ಲೊಂದರ ಆಸುಪಾಸು ಮಾತ್ರ. ಆ ಸಣ್ಣ ಪಾಲಿಗೆ ಷರತ್ತು ಹಾಕಿಯೇ ಒಕ್ಕೂಟ ಸರ್ಕಾರ ಶಿಕ್ಷಕರ ಗುಣಮಟ್ಟ ಎತ್ತಲು ಹೊರಟಿತು.

2002ರ ‘ನೋ ಚೈಲ್ಡ್ ಲೆಫ್ಟ್ ಬಿಹೈಂಡ್’ ಕಾಯ್ದೆ ‘ಉನ್ನತ ಅರ್ಹತೆಯ ಶಿಕ್ಷಕ’ರನ್ನು ಕೇಳಿತು: ಪದವಿ, ರಾಜ್ಯದ ಪೂರ್ಣ ಪ್ರಮಾಣಪತ್ರ, ವಿಷಯಜ್ಞಾನಕ್ಕೆ ಪುರಾವೆ. ಹಳೆಯ ಶಿಕ್ಷಕರನ್ನು ಅಳೆಯುವ ಮಾನದಂಡವನ್ನು ರಾಜ್ಯಗಳೇ ರೂಪಿಸಿಕೊಳ್ಳಬಹುದಿತ್ತು. ಎಷ್ಟೋ ಕಡೆ ಸೇವಾವಧಿಗೂ ಅಂಕ ಸಿಕ್ಕಿತು, ಬಹುಪಾಲು ಶಿಕ್ಷಕರು ಕಾಗದದ ಮೇಲೆ ಅರ್ಹರಾದರು. ಪಾಠ ಹೇಗಿದೆ ಎಂಬುದನ್ನು ಆ ಕಾಗದ ಹೇಳಲಿಲ್ಲ.

2009ರಲ್ಲಿ ‘ರೇಸ್ ಟು ದ ಟಾಪ್’ ಎಂಬ ಒಕ್ಕೂಟ ಸರ್ಕಾರದ ಅನುದಾನ ಯೋಜನೆ ಬಂತು. 435 ಕೋಟಿ ಡಾಲರಿಗೆ ರಾಜ್ಯಗಳ ನಡುವೆ ಪೈಪೋಟಿ. ರಾಜ್ಯದ ಅರ್ಜಿಗೆ ಇಟ್ಟ 500 ಅಂಕಗಳಲ್ಲಿ 138 ಶಿಕ್ಷಕರು ಮತ್ತು ಪ್ರಿನ್ಸಿಪಾಲರ ವಿಭಾಗಕ್ಕೆ. ಮಗುವಿನ ಹಿಂದಿನ ಅಂಕ ನೋಡಿ ಈ ವರ್ಷದ್ದನ್ನು ಅಂದಾಜಿಸಿ, ಹೆಚ್ಚು ಕಡಿಮೆ ಬಂದದ್ದನ್ನು ಶಿಕ್ಷಕರ ಲೆಕ್ಕಕ್ಕೆ ಬರೆಯುವ ಪದ್ಧತಿ ಹರಡಿತು. 25 ಮಕ್ಕಳ ತರಗತಿಯಲ್ಲಿ ಪರೀಕ್ಷೆಯ ದಿನ ಮೂವರಿಗೆ ಜ್ವರ ಬಂದರೂ ಆ ಸಂಖ್ಯೆ ಅಲುಗಾಡುತ್ತದೆ. ಮಕ್ಕಳ ಅಂಕಗಳ ಏರುಪೇರಿನಲ್ಲಿ ಶಿಕ್ಷಕರಿಂದ ಬರುವುದು ಶೇ. 1ರಿಂದ 14 ಎಂದು ಹೆಚ್ಚಿನ ಅಧ್ಯಯನಗಳು ಕಂಡಿವೆ ಎಂದು ಅಮೆರಿಕದ ಸಂಖ್ಯಾಶಾಸ್ತ್ರಜ್ಞರ ಸಂಘವೇ 2014ರಲ್ಲಿ ಎಚ್ಚರಿಸಿತು. ಕಾನೂನು ಪ್ರತಿವರ್ಷ ಪರೀಕ್ಷೆ ಕೇಳುವುದು 3ರಿಂದ 8ನೇ ತರಗತಿಯ ಓದು ಮತ್ತು ಗಣಿತಕ್ಕೆ. ಹಾಗಾಗಿ ಕೆಲವೆಡೆ ಸಂಗೀತದ ಮೇಷ್ಟ್ರಿಗೂ ಇಡೀ ಶಾಲೆಯ ಗಣಿತದ ಅಂಕ ಅಂಟಿಸಿದರು. ಇದು ಅನ್ಯಾಯ.

2015ರ ‘ಎವ್ರಿ ಸ್ಟೂಡೆಂಟ್ ಸಕ್ಸೀಡ್ಸ್’ ಕಾಯ್ದೆ ‘ಉನ್ನತ ಅರ್ಹತೆ’ಯ ಷರತ್ತು, ಮಕ್ಕಳ ಅಂಕದಿಂದ ಶಿಕ್ಷಕರನ್ನು ಅಳೆಯುವ ಒಕ್ಕೂಟದ ಒತ್ತಡ ಎರಡನ್ನೂ ಬಿಟ್ಟುಕೊಟ್ಟಿತು. ಅದರ ಎರಡನೇ ಅಧ್ಯಾಯದ ಎ ಭಾಗದಲ್ಲಿ ಶಿಕ್ಷಕರ ತರಬೇತಿಯಂಥ ಕೆಲಸಕ್ಕೆ ವರ್ಷಕ್ಕೆ 200 ಕೋಟಿ ಡಾಲರಿಗೂ ಹೆಚ್ಚು ಹಣವಿದೆ. ಡಿಸ್ಟ್ರಿಕ್ಟ್‌ಗಳಿಗೆ ಹಂಚುವಾಗ ಶೇ. 80 ಬಡ ಮಕ್ಕಳ ಸಂಖ್ಯೆ ನೋಡಿ, ಶೇ. 20 ಒಟ್ಟು ಮಕ್ಕಳನ್ನು ನೋಡಿ. ತರಬೇತಿ ಎಂದರೆ ಒಂದು ದಿನದ ಕಾರ್ಯಾಗಾರವಲ್ಲ ಎಂದು ಕಾಯ್ದೆಯ ವ್ಯಾಖ್ಯೆಯೇ ಹೇಳುತ್ತದೆ. ನನ್ನ ಮಟ್ಟಿಗೆ ಇಡೀ ಕಾಯ್ದೆಯ ಅತ್ಯಂತ ಬೆಲೆಬಾಳುವ ಸಾಲು ಅದು.

ಈ ಹಣದಿಂದ ಕೋಚ್, ಅಂದರೆ ಶಿಕ್ಷಕರ ಜೊತೆಗಿದ್ದು ಅವರ ಪಾಠ ಸುಧಾರಿಸಲು ನೆರವಾಗುವವರನ್ನು, ನೇಮಿಸಬಹುದು. ಕೋಚ್ ಕೆಲಸ ಹೀಗೆ: ಪಾಠಕ್ಕೆ ಮೊದಲು ಹದಿನೈದು ನಿಮಿಷ ಮಾತು. ಆಮೇಲೆ ತರಗತಿಯಲ್ಲಿ ಕೂತು, ತೀರ್ಪು ಕೊಡದೆ, ಆಡಿದ ಮಾತನ್ನು ಆಡಿದಂತೆಯೇ ಬರೆದುಕೊಳ್ಳುವುದು. ಹುಡುಗಿಯೊಬ್ಬಳು 1/2 + 1/3 = 2/5 ಎನ್ನುತ್ತಾಳೆ. ‘ತಪ್ಪು, ಮುಂದಿನವರು?’ ಎನ್ನುತ್ತಾರೆ ಶಿಕ್ಷಕಿ. ಅಂದೇ ಸಂಜೆ ಆ ಒಂದೇ ಗಳಿಗೆಯನ್ನು ಇಬ್ಬರೂ ಎತ್ತಿಕೊಳ್ಳುತ್ತಾರೆ: ‘2/5 ಅರ್ಧಕ್ಕಿಂತ ದೊಡ್ಡದೋ ಚಿಕ್ಕದೋ?’ ಎಂದು ಕೇಳಿದ್ದರೆ ಹುಡುಗಿ ತಾನೇ ತಪ್ಪು ಹಿಡಿಯುತ್ತಿದ್ದಳು. ಆ ಪ್ರಶ್ನೆಯನ್ನು ಬಾಯಿಬಿಟ್ಟು ಅಭ್ಯಾಸ ಮಾಡುತ್ತಾರೆ. ಎರಡು ವಾರದೊಳಗೆ ಕೋಚ್ ಮತ್ತೆ ಅದೇ ತರಗತಿಗೆ. ಒಂದು ಸಲಕ್ಕೆ ಒಂದೇ ಬದಲಾವಣೆ. ಏಳು ಸಲಹೆ ಕೊಟ್ಟರೆ ಒಂದೂ ನಿಲ್ಲುವುದಿಲ್ಲ.

2018ರಲ್ಲಿ 60 ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿದಾಗ ಕೋಚಿಂಗ್‌ನಿಂದ ಪಾಠವೂ ಮಕ್ಕಳ ಕಲಿಕೆಯೂ ಸುಧಾರಿಸಿದ್ದು ಕಂಡಿತು. ಕಾರ್ಯಕ್ರಮ ದೊಡ್ಡದಾದಂತೆ ಫಲ ತೆಳ್ಳಗಾಯಿತು. ಕೆಡುವ ದಾರಿಗಳು ಗೊತ್ತಿರುವಂಥವೇ. ರಜೆಯಲ್ಲಿರುವ ಶಿಕ್ಷಕರ ತರಗತಿಗೆ ಕೋಚನ್ನೇ ಕಳಿಸುತ್ತಾರೆ, ಪರೀಕ್ಷೆಯ ಪೇಪರ್ ಎಣಿಸಲು ಕೂರಿಸುತ್ತಾರೆ. ಎಲ್ಲಕ್ಕಿಂತ ಕೆಟ್ಟದ್ದು, ಕೋಚ್ ಬರೆದ ಟಿಪ್ಪಣಿಯನ್ನು ಪ್ರಿನ್ಸಿಪಾಲರು ಮೌಲ್ಯಮಾಪನಕ್ಕೆ ಕೇಳುವುದು. ಮರುದಿನದಿಂದ ಶಿಕ್ಷಕರು ತೋರಿಸುವುದು ಬಾಯಿಪಾಠ ಮಾಡಿದ ಪಾಠವನ್ನು.

ಅಲ್ಲಿ ನೆಲೆಸಿರುವ ಕನ್ನಡಿಗ ಪೋಷಕರಿಗೊಂದು ಮಾತು. ಬಡ ಮಕ್ಕಳು ಹೆಚ್ಚಿರುವ ಶಾಲೆಗಳಿಗೆ ಒಕ್ಕೂಟ ಸರ್ಕಾರ ಕೊಡುವ ಟೈಟಲ್ ಒನ್ ಹಣ ಪಡೆಯುವ ಶಾಲೆಯಾದರೆ ಮಗುವಿನ ಶಿಕ್ಷಕರ ಅರ್ಹತೆ ಕೇಳಿ ತಿಳಿಯುವ ಹಕ್ಕು ನಿಮಗಿದೆ. ಅದರ ಜೊತೆಗೆ ಸ್ಕೂಲ್ ಬೋರ್ಡ್ ಸಭೆಯಲ್ಲಿ ಇನ್ನೂ ಎರಡು ಪ್ರಶ್ನೆ ಕೇಳಿ: ಒಬ್ಬ ಕೋಚ್‌ಗೆ ಎಷ್ಟು ಶಿಕ್ಷಕರು? ವಾರದಲ್ಲಿ ಎಷ್ಟು ಗಂಟೆ ಅವರು ತರಗತಿಯೊಳಗೆ ಇರುತ್ತಾರೆ?