ಅಜ್ಜಿಯ ತಟ್ಟೆ ಯಾಕೆ ಬೇರೆ?

ಸ್ತನ ಕ್ಯಾನ್ಸರ್ ಆಪರೇಷನ್ ಆಗಿದ್ದ ಅಜ್ಜಿಯೊಬ್ಬರು ಹೋದ ತಿಂಗಳು ತಪಾಸಣೆಗೆ ಬಂದಿದ್ದರು, ಹಾವೇರಿ ಕಡೆಯವರು. ಗಾಯ ಒಣಗಿತ್ತು, ರಿಪೋರ್ಟೂ ಚೆನ್ನಾಗಿತ್ತು. ಮುಖ ಮಾತ್ರ ಸಪ್ಪಗಿತ್ತು. ಕೆದಕಿ ಕೇಳಿದರೆ, ಮನೆಯಲ್ಲಿ ಅವರ ತಟ್ಟೆ ಲೋಟ ಬೇರೆ ಇಟ್ಟಿದ್ದಾರಂತೆ. ಮೊಮ್ಮಗ ಪಕ್ಕದಲ್ಲಿ ಮಲಗುವ ಹಾಗಿಲ್ಲವಂತೆ. ಮಗ ಮೊಬೈಲ್ ತೆಗೆದು ವಿಡಿಯೋ ತೋರಿಸಿದ. "ಕ್ಯಾನ್ಸರ್ ಪೊಟ್ಟಣ ಬಿಡ್ತದಂತ್ರೀ ಸರ್, ಉಗುಳಿನ್ಯಾಗೂ ಇರ್ತಾವಂತ."

ಇರುತ್ತವೆ, ಸುಳ್ಳಲ್ಲ. ಜೀವಕೋಶಗಳು ಹೊರಗೆ ಬಿಡುವ ಈ ಪೊಟ್ಟಣಗಳಿಗೆ ಎಕ್ಸೋಸೋಮ್ ಅಂತ ಹೆಸರು. ಎಷ್ಟು ಸಣ್ಣವೆಂದರೆ, ಒಂದು ಕೂದಲಿನ ಅಗಲದಲ್ಲಿ ನೂರಾರು ಸಾಲಾಗಿ ಕೂರಬಹುದು. ಆದರೆ ನನ್ನ ಉಗುಳಿನಲ್ಲೂ ಇವೆ, ಆ ಮಗನ ಉಗುಳಿನಲ್ಲೂ ಇವೆ. ತಾಯಿಯ ಎದೆಹಾಲಿನಲ್ಲೂ ಇವೆ! 1987ರಲ್ಲಿ ಈ ಹೆಸರು ಇಟ್ಟ ಕೆನಡಾದ ವಿಜ್ಞಾನಿ ರೋಸ್ ಜಾನ್‌ಸ್ಟೋನ್ ಇವನ್ನು ನೋಡಿದ್ದು ಕ್ಯಾನ್ಸರ್‌ನಲ್ಲಲ್ಲ, ಕುರಿಯ ಎಳೆಯ ಕೆಂಪು ರಕ್ತಕಣಗಳಲ್ಲಿ. ಬೇಡವಾದ ಪ್ರೋಟೀನನ್ನು ಅವು ಪೊಟ್ಟಣ ಕಟ್ಟಿ ಹೊರಗೆ ಹಾಕುತ್ತಿದ್ದವು.

ಕ್ಯಾನ್ಸರ್ ಕೋಶ ಈ ಹಳೇ ದಾರಿಯನ್ನೇ ತನ್ನ ಕಿತಾಪತಿಗೆ ಬಳಸುತ್ತದೆ. 1889ರಲ್ಲಿ ಲಂಡನ್ನಿನ ಶಸ್ತ್ರಚಿಕಿತ್ಸಕ ಸ್ಟೀಫನ್ ಪ್ಯಾಜೆಟ್ ಸ್ತನ ಕ್ಯಾನ್ಸರ್‌ನಿಂದ ಸತ್ತವರ ದಾಖಲೆ ನೋಡಿ, ಕ್ಯಾನ್ಸರ್ ಬೀಜ ಕಂಡಕಂಡಲ್ಲಿ ಮೊಳೆಯುವುದಿಲ್ಲ, ಒಗ್ಗುವ ಮಣ್ಣು, ಅಂದರೆ ಒಗ್ಗುವ ಅಂಗ, ಬೇಕು ಅಂದಿದ್ದರು. ಆ ಮಣ್ಣನ್ನು ಮೊದಲೇ ಹದ ಮಾಡುವ ಕೆಲಸದಲ್ಲಿ ಈ ಪೊಟ್ಟಣಗಳ ಕೈವಾಡವೂ ಇದೆ. ಅವುಗಳ ಹೊರಮೈಯಲ್ಲಿ ಇಂಟೆಗ್ರಿನ್ ಎಂಬ ಪ್ರೋಟೀನ್ ಇರುತ್ತದೆ. ಅದರಲ್ಲಿ ಒಂದು ಬಗೆ ಶ್ವಾಸಕೋಶಕ್ಕೆ, ಇನ್ನೊಂದು ಬಗೆ ಯಕೃತ್ತಿಗೆ ದಾರಿ ಹಿಡಿಸುತ್ತದೆ ಎಂದು 2015ರಲ್ಲಿ ನ್ಯೂಯಾರ್ಕಿನ ಡೇವಿಡ್ ಲೈಡನ್ ತಂಡ ತೋರಿಸಿತು. ಆ ಪ್ರಯೋಗಗಳಲ್ಲಿ ಹೆಚ್ಚಿನವು ನಡೆದದ್ದು ಇಲಿಗಳಲ್ಲಿ, ನೆನಪಿರಲಿ.

ಈಗ, ದಿನಾ ಹೇಳಿ ನನ್ನ ಗಂಟಲು ಒಣಗಿರುವ ಮಾತು. ಮಣ್ಣು ಹದ ಮಾಡುವವನು ಬೀಜ ಅಲ್ಲ. ಪೊಟ್ಟಣ ಎಂದರೆ ಜೀವಕೋಶ ಅಲ್ಲ. ಅದು ಒಡೆದು ಎರಡಾಗುವುದಿಲ್ಲ, ನಾಲ್ಕಾಗುವುದಿಲ್ಲ, ತಾನೇ ಗಡ್ಡೆ ಆಗುವುದಿಲ್ಲ. ಗಡ್ಡೆ ಬೆಳೆಯಲು ಜೀವಂತ ಕ್ಯಾನ್ಸರ್ ಕೋಶವೇ ಬೇಕು. ಅಂಥ ಕೋಶವೇ ಇನ್ನೊಬ್ಬರ ಮೈ ಸೇರಿದರೂ, ಆ ಮೈ ಇದು ಹೊರಗಿನದು ಅಂತ ಗುರುತಿಸಿ ಸಾಮಾನ್ಯವಾಗಿ ಕೊಂದುಹಾಕುತ್ತದೆ. ಕಸಿ ಮಾಡಿದ ಅಂಗದ ಜೊತೆ ಕ್ಯಾನ್ಸರ್ ಬಂದ ಅಪರೂಪದ ಪ್ರಕರಣಗಳು ಇವೆ. ಅದಕ್ಕೂ ಊಟದ ತಟ್ಟೆಗೂ ಏನು ಸಂಬಂಧ?

ವೈದ್ಯನಾಗಿ ಎರಡು ಎಚ್ಚರಿಕೆ ಹೇಳಲೇಬೇಕು. ಗರ್ಭಕಂಠದ ಕ್ಯಾನ್ಸರ್ ತರುವ ಎಚ್‌ಪಿವಿ, ಯಕೃತ್ತಿನದನ್ನು ತರುವ ಹೆಪಟೈಟಿಸ್ ಬಿ ಅಂಟುತ್ತವೆ. ಅವು ವೈರಸ್, ಅವಕ್ಕೆ ಲಸಿಕೆ ಇದೆ. ಇನ್ನು ಕೀಮೋ ಆದ ಮೇಲೆ ಎರಡು ಮೂರು ದಿನ ಮೂತ್ರ, ವಾಂತಿ ಶುಚಿ ಮಾಡುವಾಗ ಕೈಗವಸು ಹಾಕಿಕೊಳ್ಳಿ. ಅದು ಔಷಧಿಯ ಭಯಕ್ಕೆ, ಅಜ್ಜಿಯ ಭಯಕ್ಕಲ್ಲ. ಹಾಗೆ ನೋಡಿದರೆ ಕೀಮೋ ದಿನಗಳಲ್ಲಿ ನಮ್ಮ ನೆಗಡಿ ಕೆಮ್ಮಿನಿಂದ ಅವರನ್ನು ಕಾಯಬೇಕು.

ಎಕ್ಸೋಸೋಮ್ ಫೇಶಿಯಲ್, ಎಕ್ಸೋಸೋಮ್ ಇಂಜೆಕ್ಷನ್ ಅಂತ ಮಾರುವವರ ಬಗ್ಗೆ ಬರೆಯಹೊರಟರೆ ನನ್ನ ಬಿಪಿ ಏರುತ್ತದೆ. ಇನ್ನೊಂದು ಸಲ ನೋಡೋಣ.

ಇಷ್ಟನ್ನೂ ಆ ಮಗನಿಗೆ ವಿವರಿಸಿದೆ. ತಲೆ ಆಡಿಸಿದ. ಅಜ್ಜಿಗೆ ಅಷ್ಟು ಸಾಲಲಿಲ್ಲ. "ಚೀಟಿ ಮ್ಯಾಲೆ ಬರದು ಕೊಡ್ರಿ ಡಾಕ್ಟ್ರ. ಬಾಯಿಲೆ ಹೇಳಿದ್ರ ಇಂವ ಮನ್ಯಾಗ ಬಾಯಿ ಬಿಡಂಗಿಲ್ಲ." ಮಾತ್ರೆಯ ಹೆಸರಿನ ಕೆಳಗೆ ಬರೆದೆ: ತಟ್ಟೆ ಬೇರೆ ಬೇಡ. ಸಹಿ ಹಾಕಿ, ಸೀಲೂ ಹೊಡೆದೆ.