ಅಪ್ಡೇಟ್ ಆದ್ಮ್ಯಾಲ ಮಾತು ಕೇಳವಲ್ದು ಅಂದ್ರ ಮೊದ್ಲ ಏನ್ ನೋಡ್ಬೇಕು

"ರಾತ್ರಿ ಅಪ್ಡೇಟ್ ಹಚ್ಚಿ ಮಲಗಿನ್ರಿ ಅಣ್ಣಾರ, ಮುಂಜಾನೆಯಿಂದ ನಾ ಮಾತಾಡಿದ್ದು ಆ ಕಡೆಯವ್ರಿಗೆ ಕೇಳವಲ್ದು, ಮೈಕ್ ಹೊಸಾದ್ ಹಾಕಿಬಿಡ್ರಿ." ಜಮಖಂಡಿಯಾಗ ಮೊಬೈಲ್ ರಿಪೇರಿ ಕೌಂಟರಿನ್ಯಾಗ ಕುಂತವ್ರಿಗೆ ಈ ಮಾತು ಹೊಸಾದಲ್ಲ. ಬನಹಟ್ಟಿ, ರಬಕವಿ, ತೇರದಾಳ, ಮಹಾಲಿಂಗಪುರ ಕಡೆಯಿಂದ ಬಸ್ ಹತ್ತಿ ಬರ್ತಾರ, ಫೋನ್ ಕೈಯಾಗ ಕೊಡೋಕಿಂತ ಮೊದ್ಲ ಯಾವ ಪಾರ್ಟ್ ಹಾಕ್ಬೇಕು ಅನ್ನೋದನ್ನೂ ಹೇಳಿಬಿಡ್ತಾರ. ನಾನು ಸ್ಕ್ರೂಡ್ರೈವರ್ ಮುಟ್ಟೋಕಿಂತ ಮೊದ್ಲ ಕೇಳೋದು ಒಂದ: ಯಾವ ಕಾಲ್‌ನಾಗ ಕೇಳವಲ್ದು? ಸಿಮ್ ಕಾಲ್‌ನಾಗೋ, ವಾಟ್ಸಾಪ್ ಕಾಲ್‌ನಾಗೋ, ಸ್ಪೀಕರ್ ಹಾಕಿದಾಗ್ಲೂ ಹಂಗೋ, ವಾಯ್ಸ್ ಮೆಸೇಜ್ ಕಳ್ಸಿದ್ರ ಅದ್ರಾಗ ದನಿ ಬರ್ತೈತೋ ಇಲ್ಲೋ? ಭಾಳ ಮಂದಿ ಇದನ್ನ ನೋಡಿರಂಗಿಲ್ಲ. ಎಷ್ಟೋ ಫೋನ್ ಈ ಉತ್ತರ ಸಿಕ್ಕ ಕೂಡ್ಲೇ ಬಿಚ್ಚದಂಗನ ರಿಪೇರಿ ಆಗಿ ಹೋಗ್ತಾವು.

ಯಾಕಂದ್ರ ಫೋನ್‌ನಾಗ ಇರೋ ಮೈಕ್ ಒಂದಲ್ಲ. ಕೆಳಗ ಚಾರ್ಜಿಂಗ್ ಪೋರ್ಟ್ ಬಾಜೂಕ ಒಂದು ಸಣ್ಣ ತೂತು ಇರ್ತೈತಿ, ಅದು ಮೇನ್ ಮೈಕಿಂದು, ಕಿವಿಗೆ ಹಚ್ಚಿ ಮಾತಾಡುವಾಗ ನಿಮ್ಮ ದನಿ ಹಿಡಿಯೋದು ಅದ. ಮ್ಯಾಲಿನ ಅಂಚಿನ್ಯಾಗ ಇನ್ನೊಂದು, ಕೆಲವು ಫೋನ್‌ನಾಗ ಹಿಂದ ಕ್ಯಾಮೆರಾ ಹತ್ರ ಮೂರನೇದೂ ಇರ್ತೈತಿ. ಕಾಲ್ ನಡೆದಾಗ ಮ್ಯಾಲಿನ ಮೈಕಿನ ಕೆಲ್ಸ ಸುತ್ತಲಿನ ಗದ್ದಲ ಕೇಳೋದು. ನಿಮ್ಮ ಬಾಯಿ ಕೆಳಗಿನ ಮೈಕಿಗೆ ಹತ್ರ ಇರ್ತೈತಿ, ಅಲ್ಲಿ ದನಿ ಜೋರ ಬರ್ತೈತಿ, ಮ್ಯಾಲ ಕಮ್ಮಿ. ಹೊರಗಿನ ಗದ್ದಲ ಮಾತ್ರ ಎರಡೂ ಕಡೆ ಹೆಚ್ಚುಕಮ್ಮಿ ಒಂದ ನಮೂನಿ ಬರ್ತೈತಿ, ಹಿಂಗಾಗಿ ಎರಡನ್ನೂ ತಾಳೆ ಹಾಕಿ ಯಾವುದು ಮಾತು ಯಾವುದು ಗದ್ದಲ ಅಂತ ಸಾಫ್ಟ್‌ವೇರ್ ಬ್ಯಾರೆ ಮಾಡ್ತೈತಿ. ಸ್ಪೀಕರ್ ಹಾಕಿದ್ರ, ವಿಡಿಯೋ ಮಾಡಿದ್ರ ಭಾಳಷ್ಟು ಫೋನ್ ಮ್ಯಾಲಿನ ಮೈಕ್ ಇಲ್ಲಾ ಹಿಂದಿನ ಮೈಕ್ ಬಳಸ್ತಾವು. ಅದಕ್ಕ "ಸ್ಪೀಕರ್‌ನಾಗ ಛಲೋ ಕೇಳ್ತೈತ್ರಿ, ಕಿವಿಗೆ ಹಚ್ಚಿದ್ರ ಇಲ್ಲ" ಅಂದ್ರ ನನ್ನ ಕಣ್ಣು ಸೀದಾ ಕೆಳಗಿನ ಮೈಕಿಗೆ ಹೋಗ್ತೈತಿ, ಉಲ್ಟಾ ಹೇಳಿದ್ರ ಮ್ಯಾಲಿಂದಕ್ಕ.

ಈ ಪರೀಕ್ಷೆ ನೀವ ಮನ್ಯಾಗ ಮಾಡ್ಬೌದು, ಒಂದ್ ರೂಪಾಯಿ ಖರ್ಚಿಲ್ಲ. ಫೋನ್ ಒಮ್ಮೆ ಆಫ್ ಮಾಡಿ ಆನ್ ಮಾಡ್ರಿ, ಕವರ್ ತಗದು ಬಾಜೂಕ ಇಡ್ರಿ, ಬ್ಲೂಟೂತ್ ಬಂದ್ ಮಾಡ್ರಿ. ಫೋನ್‌ನಾಗಿರೋ ರೆಕಾರ್ಡರ್ ತಗದು ಕೆಳಗಿನ ತೂತಿನ ಹತ್ರ ಬಾಯಿ ಇಟ್ಟು ಹತ್ತರ ತನಕ ಎಣಿಸಿ ಕೇಳಿ ನೋಡ್ರಿ, ಆಮ್ಯಾಲ ಒಂದು ವಿಡಿಯೋ ಮಾಡಿ ಅದ್ರ ದನಿ ಕೇಳ್ರಿ, ಆಮ್ಯಾಲ ವಾಟ್ಸಾಪ್ ಕಾಲ್, ಕಡೀಕ ಸಿಮ್ ಕಾಲ್, ಒಮ್ಮೆ ಕಿವಿಗೆ ಹಚ್ಚಿ ಒಮ್ಮೆ ಸ್ಪೀಕರ್ ಹಾಕಿ. ರೆಕಾರ್ಡರ್‌ನಾಗೂ ಛಲೋ ಬಂದು ವಾಟ್ಸಾಪ್‌ನಾಗೂ ಛಲೋ ಹೋಗಿ ಬರೇ ಸಿಮ್ ಕಾಲ್‌ನಾಗ ತ್ರಾಸ ಐತಿ ಅಂದ್ರ ಮೈಕ್ ಗಟ್ಟಿ ಐತಿ, ಅದನ್ನ ಬದ್ಲಿ ಮಾಡಾಕ ಯಾರಿಗೂ ರೊಕ್ಕ ಕೊಡಬ್ಯಾಡ್ರಿ. ರೆಕಾರ್ಡರ್‌ನಾಗ ಏನೂ ಬರವಲ್ದು ಆದ್ರ ವಿಡಿಯೋದಾಗ ದನಿ ಐತಿ ಅಂದ್ರ ಕೆಳಗಿನ ಮೈಕ್ ಹೋಗಿರಬೌದು, ಇಲ್ಲಾ ಅದ್ರ ತೂತು ಮುಚ್ಚಿರಬೌದು. ಮೈಕ್ ಇರೋ ವಾಯರ್ ಇಯರ್‌ಫೋನ್ ಸಿಕ್ಕ್ರ ಅದನ್ನೂ ಹಚ್ಚಿ ಒಂದ್ ಸಿಮ್ ಕಾಲ್ ಮಾಡ್ರಿ, ಅದ್ರಾಗ ಸ್ಪಷ್ಟ ಹೋದ್ರ ನೆಟ್‌ವರ್ಕ್ ಸರಿ ಐತಿ, ಫೋನಿನ ಸ್ವಂತ ಮೈಕ್ ದಾರಿಯೊಳಗ ಏನೋ ಐತಿ ಅಂತ ಖಾತ್ರಿ ಆಗ್ತೈತಿ. ಸಿಮ್ ತಗದು ಮನ್ಯಾಗಿನ ಬ್ಯಾರೆ ಫೋನಿಗೆ ಹಾಕಿ ನೋಡೋದೂ ಮರೀಬ್ಯಾಡ್ರಿ.

ಇನ್ನ ಅಪ್ಡೇಟ್ ಖರೇನ ಏನ್ ಬದ್ಲಿ ಮಾಡ್ತೈತಿ ಅನ್ನೋದು. 2021ರಾಗ ಬಂದ ಆಂಡ್ರಾಯ್ಡ್ 12ರಿಂದ ಮ್ಯಾಲಿಂದ ಕೆಳಗ ಎಳೆಯೋ ಪರದೆಯೊಳಗ ಮೈಕ್ ಬಂದ್ ಮಾಡೋ ಒಂದು ಬಟನ್ ಬಂದೈತಿ. ಅದು ಒಮ್ಮೆ ಒತ್ತಿತು ಅಂದ್ರ ಆ್ಯಪ್‌ಗಳಿಗೆ ಬರೇ ಮೌನ ಹೋಗ್ತೈತಿ, ಆ್ಯಪ್ ತನಗ ಮೈಕ್ ಸಿಕ್ಕೈತಿ ಅಂತ ತಿಳ್ಕೊಂಡಿರ್ತೈತಿ ಆದ್ರ ದನಿ ಇರಂಗಿಲ್ಲ. ಹಳೇ ವರ್ಷನ್‌ನಿಂದ ಹೊಸಾದಕ್ಕ ಬಂದ ಹಿರಿಯರಿಗೆ ಈ ಬಟನ್ ಇರೋದ ಗೊತ್ತಿರಂಗಿಲ್ಲ, ಟಾರ್ಚ್ ಹಚ್ಚಾಕ ಹೋಗಿ ಅದರ ಮ್ಯಾಲ ಬೆರಳು ಬಿದ್ದಿರ್ತೈತಿ. ಪ್ರೈವಸಿ ಸೆಟ್ಟಿಂಗ್‌ನಾಗೂ ಅದ ಬಟನ್ ಸಿಗ್ತೈತಿ. ಕಂಡುಹಿಡಿಯೋದು ಸಲೀಸು: ವಾಟ್ಸಾಪ್ ಕಾಲ್ ಮಾಡಿದಾಗ ಪರದೆ ಮ್ಯಾಲಿನ ಮೂಲ್ಯಾಗ ಹಸಿರು ಗುರುತು ಬರ್ಬೇಕು, ಐಫೋನ್‌ನಾಗ 2020ರ ಐಓಎಸ್ 14ರಿಂದ ಕಿತ್ತಳಿ ಬಣ್ಣದ ಚುಕ್ಕಿ ಬರ್ತೈತಿ. ಅದು ಬರ್ಲಿಲ್ಲ ಅಂದ್ರ ಆ್ಯಪ್‌ಗೆ ಮೈಕ್ ಮುಟ್ಟೇ ಇಲ್ಲ. ಪರ್ಮಿಷನ್‌ದೂ ಹಂಗ, ಆಂಡ್ರಾಯ್ಡ್ 11ರಿಂದ "ಈ ಸಲಕ್ಕಷ್ಟ" ಅನ್ನೋ ಆಯ್ಕೆ ಐತಿ, ಕೆಲವು ತಿಂಗಳು ತಗೀದಂಗ ಬಿಟ್ಟ ಆ್ಯಪ್‌ಗಳ ಪರ್ಮಿಷನ್ ಫೋನ್ ತಾನ ವಾಪಸ್ ತಗೋತೈತಿ. ಸೆಟ್ಟಿಂಗ್‌ನಾಗ ಆ್ಯಪ್ ಹೆಸ್ರು ಹುಡುಕಿ ಮೈಕ್ ಪರ್ಮಿಷನ್ ಕೊಟ್ರ ಮುಗೀತು.

ಬ್ಲೂಟೂತ್ ಬಗ್ಗೆ ಜಾಸ್ತಿ ಹೇಳಂಗಿಲ್ಲ. ಕಿಸೆದಾಗಿರೋ ಇಯರ್‌ಬಡ್ಸ್, ಗಾಡಿ ಸ್ಟೀರಿಯೋ, ಸ್ಮಾರ್ಟ್‌ವಾಚ್, ಇವು ಫೋನ್ ರೀಸ್ಟಾರ್ಟ್ ಆದ ಕೂಡ್ಲೇ ತಾವ ಜೋಡಣೆ ಆಗ್ತಾವು, ನೀವು ಫೋನಿನ್ಯಾಗ ಮಾತಾಡ್ತೀರಿ, ಮೈಕ್ ಕಿಸೆದಾಗಿರ್ತೈತಿ. ಕಾಲ್ ಪರದೆ ಮ್ಯಾಲ ಸ್ಪೀಕರ್ ಗುರುತಿನ ಜಾಗದಾಗ ಬ್ಲೂಟೂತ್ ಗುರುತು ಐತೇನು ನೋಡ್ರಿ. ಹಂಗ ಕಾಲ್ ರೆಕಾರ್ಡ್ ಮಾಡೋ ಹೊರಗಿನ ಆ್ಯಪ್ ಹಾಕ್ಕೊಂಡಿದ್ರ ಅದನ್ನ ತಗದು ನೋಡ್ರಿ. 2022ರ ಮೇ ತಿಂಗಳದಾಗ ಗೂಗಲ್ ಅಂಥಾ ಆ್ಯಪ್‌ಗಳ ದಾರಿ ಪ್ಲೇ ಸ್ಟೋರ್‌ನಾಗ ಬಂದ್ ಮಾಡಿತು, ಆಮ್ಯಾಲ ಮಂದಿ ಎಲ್ಲೆಲ್ಲಿಂದೋ ಫೈಲ್ ಇಳಿಸಿ ಹಾಕ್ಕೋತಾರ, ಹೊಸ ವರ್ಷನ್ ಜೋಡಿ ಅವು ಹೊಂದಂಗಿಲ್ಲ. ಯಾವ ಆ್ಯಪ್ ಅಂತ ತಿಳೀವಲ್ದು ಅಂದ್ರ ಸೇಫ್ ಮೋಡ್‌ನಾಗ ಫೋನ್ ಚಾಲು ಮಾಡ್ರಿ, ಹೊರಗಿನ ಆ್ಯಪ್ ಎಲ್ಲಾ ಸುಮ್ಮನಾಗ್ತಾವು, ಅವಾಗ ಕಾಲ್ ಸರಿ ಹೋದ್ರ ತಪ್ಪು ಆ್ಯಪಿಂದು.

ವೋಲ್ಟಿ (VoLTE, ಅಂದ್ರ 4ಜಿ ಮ್ಯಾಲ ಹೋಗೋ ಸಿಮ್ ಕಾಲ್) ಬಗ್ಗೆ ಸ್ವಲ್ಪ ತಡದು ಓದ್ರಿ, ಇದು ಮೈಕ್ ಕೆಟ್ಟಂಗ ಕಾಣೋ ಆದ್ರ ಮೈಕಿಗೆ ಸಂಬಂಧ ಇಲ್ಲದ ತ್ರಾಸ. ಹಳೇ 2ಜಿ ಕಾಲ್ ನಿಮ್ಮ ದನಿಯೊಳಗಿನ ಸುಮಾರು 300ರಿಂದ 3400 ಹರ್ಟ್ಜ್ ತನಕದ ಭಾಗ ಅಷ್ಟ ಸಾಗಿಸ್ತೈತಿ, 4ಜಿ ಮ್ಯಾಲ ಹೋಗೋ ವೋಲ್ಟಿ ಕಾಲ್ ಸಾಮಾನ್ಯವಾಗಿ 7000 ಹರ್ಟ್ಜ್ ತನಕ ಒಯ್ತೈತಿ. ಸ, ಶ ಅಂತ ಅನ್ನುವಾಗಿನ ಸಪ್ಪಳ ಭಾಳಷ್ಟು ಆ ಮ್ಯಾಲಿನ ಭಾಗದಾಗ ಇರೋದು. ಅಪ್ಡೇಟ್ ಆದಾಗ ಕೆಲವು ಫೋನ್‌ನಾಗ ವೋಲ್ಟಿ ಬಟನ್ ಆಫ್ ಆಗಿ ಕುಂತಿರ್ತೈತಿ, ಏರ್ಟೆಲ್, ವಿಐ ಸಿಮ್ ಇದ್ರ ಕಾಲ್ 2ಜಿಗೆ ಇಳೀತೈತಿ, ಮಾತು ಹೋಗ್ತೈತಿ ಆದ್ರ ಕಂಬಳಿ ಹೊತ್ಕೊಂಡು ಮಾತಾಡಿದಂಗ ಮುಚ್ಚಿದ ದನಿ ಹೋಗ್ತೈತಿ, ಆ ಕಡೆಯವ್ರು "ನಿನ್ನ ಮೈಕ್ ಡಲ್ ಆಗೇತಿ" ಅಂತಾರ. ಜಿಯೋ 2016ರಾಗ ಶುರುವಾದಾಗಿಂದ 2ಜಿ ಇಟ್ಟಿಲ್ಲ, ಅದ್ರಾಗ ವೋಲ್ಟಿ ಇಲ್ಲ ಅಂದ್ರ ಸಾದಾ ಕಾಲ್ ಹೋಗಂಗ ಇಲ್ಲ. ಗುರುತು ಹಿಡಿಯೋದು ಹೆಂಗ ಅಂದ್ರ, ಕಾಲ್ ಮಾಡಿ ಟವರ್ ಗುರುತು ನೋಡ್ರಿ, ಮಾತಾಡುವಾಗ 4ಜಿ ಹೋಗಿ E ಅಥವಾ 2ಜಿ ಅಂತ ಬಂದು ನೆಟ್ ನಿಂತ್ರ ವೋಲ್ಟಿ ನಡದಿಲ್ಲ. ಸಿಮ್ ಸೆಟ್ಟಿಂಗ್‌ನಾಗ ಹೋಗಿ ಚಾಲು ಮಾಡ್ರಿ, ಎರಡು ಸಿಮ್ ಇದ್ರ ಎರಡಕ್ಕೂ ಬ್ಯಾರೆ ಬ್ಯಾರೆ ಮಾಡ್ಬೇಕು. ವೈಫೈ ಕಾಲಿಂಗ್ ಚಾಲು ಇದ್ದು ಮನಿ ವೈಫೈ ಮಂದ ಇದ್ರೂ ದನಿ ತುಂಡ್ ತುಂಡಾಗಿ ಹೋಗ್ತೈತಿ, ಅದನ್ನೂ ಒಮ್ಮೆ ಆಫ್ ಮಾಡಿ ನೋಡ್ರಿ.

ನಮ್ಮ ಭಾಗದಾಗ ಒಂದು ಬ್ಯಾರೆ ನಮೂನಿ ಕೇಸ್ ಬರ್ತೈತಿ, ಅದು ಮಗ್ಗದವ್ರದ್ದು. ಬನಹಟ್ಟಿಯಿಂದ ಒಬ್ಬ ಕಾಕಾ ಬಂದಿದ್ರು, ಪವರ್‌ಲೂಮ್ ಶೆಡ್‌ನಾಗ ದಿನಾಲೂ ಕೆಲ್ಸ. ಅಪ್ಡೇಟಿಗಿಂತ ಮೊದ್ಲ ಶೆಡ್‌ನಾಗ ನಿಂತು ಮಾತಾಡಿದ್ರೂ ಹೆಂಗೋ ತಿಳೀತಿತ್ತಂತ, ಈಗ ಮಾತು ಅರ್ಧಕ್ಕ ಕಟ್, ಒಂದು ಶಬ್ದ ಹೋಗ್ತೈತಿ ಎರಡು ನುಂಗ್ತೈತಿ. ನನ್ನ ಕೌಂಟರ್‌ನಾಗ ನಿಂತು ಕಾಲ್ ಮಾಡಿದ್ರ ಗಂಟಿ ಹೊಡದಂಗ ಸ್ಪಷ್ಟ. "ಕಾಕಾ, ಇಲ್ಲೆ ಮೈಕ್ ಸರಿ ಐತಿ, ಶೆಡ್‌ನಾಗಿಂದ ಒಂದು ವಾಯ್ಸ್ ಮೆಸೇಜ್ ಕಳಸ್ರಿ, ಆಮ್ಯಾಲ ಅಲ್ಲಿಂದ್ಲೇ ಸಿಮ್ ಕಾಲ್ ಮಾಡ್ರಿ" ಅಂದೆ. ಮೆಸೇಜ್‌ನಾಗ ಲಾಳಿ ಬಡಿಯೋ ಸಪ್ಪಳದ ನಡುವ ಅವ್ರ ಮಾತು ಪೂರ್ತಿ ಇತ್ತು, ಕಾಲ್‌ನಾಗ ಮಗ್ಗದ ಸಪ್ಪಳನೂ ಇಲ್ಲ ಮಾತೂ ಇಲ್ಲ. ಅಲ್ಲಿಗೆ ಗೊತ್ತಾತು, ಗದ್ದಲ ತಗಿಯೋ ಸಾಫ್ಟ್‌ವೇರ್ ಮಾತನ್ನೂ ಗದ್ದಲ ಅಂತ ತಗದು ಒಗೀತಿತ್ತು.

ಫ್ಯಾನು, ಬಾವಿ ಪಂಪ್‌ಸೆಟ್ಟು, ಇಂಥಾ ಒಂದ ಸಮ ಬರೋ ಸಪ್ಪಳ ತಗಿಯೋದು ಸಾಫ್ಟ್‌ವೇರಿಗೆ ಸಲೀಸು. ಮಗ್ಗದ ಸಪ್ಪಳ ಹಂಗಲ್ಲ, ಬಡದು ಬಡದು ಬರ್ತೈತಿ, ಸೆಕೆಂಡಿಗೆ ಎರಡ್ಮೂರು ಸಲ ಏರಿ ಇಳೀತೈತಿ, ಅದನ್ನ ತಗಿಯಾಕ ಹೋದಾಗ ಅದ್ರ ಜೋಡಿ ಬಂದ ಅಕ್ಷರನೂ ಕೊಚ್ಚಿ ಹೋಗ್ತಾವು. ಕಂಪ್ನಿಗಳು ಅಪ್ಡೇಟ್‌ನಾಗ ಈ ಭಾಗ ಆಗಾಗ ತಿದ್ದತಾವು, ಮೈಕಿನ ಗೇನ್ (ದನಿ ಎಷ್ಟು ಏರಿಸ್ಬೇಕು ಅನ್ನೋದು), ಗದ್ದಲ ತಗಿಯೋ ಪ್ರಮಾಣ ಬದ್ಲಾಗ್ತೈತಿ, ಆಫೀಸಿನ್ಯಾಗ, ರಸ್ತಾದಾಗ ಮಾತಾಡವ್ರಿಗೆ ಅದು ಛಲೋ ಆಗಿರ್ತೈತಿ, ಮಗ್ಗದ ಶೆಡ್ ಅವ್ರ ಲೆಕ್ಕದಾಗ ಇರಂಗಿಲ್ಲ. ಇಷ್ಟು ಸಾವಿರ ಮಂದಿ ದುಡಿಯೋ ಜಾಗ ಲೆಕ್ಕದಾಗ ಇರ್ಬೇಕು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ಈಗ ಮಾಡೋದು ಏನಂದ್ರ ಕಾಲ್ ಸೆಟ್ಟಿಂಗ್, ಸೌಂಡ್ ಸೆಟ್ಟಿಂಗ್ ಎರಡೂ ಕಡೆ ನಾಯ್ಸ್ ರಿಡಕ್ಷನ್, ವಾಯ್ಸ್ ಫೋಕಸ್ ಅಂಥಾ ಹೆಸ್ರು ಹುಡುಕಿ ಆಫ್ ಮಾಡಿ ನೋಡೋದು. ಐಫೋನ್‌ನಾಗ 2023ರ ಐಓಎಸ್ 16.4ರಿಂದ ಸಿಮ್ ಕಾಲ್‌ಗೂ ವಾಯ್ಸ್ ಐಸೊಲೇಷನ್ (ಮಾತು ಇಟ್ಟು ಗದ್ದಲ ತಗಿಯೋದು) ಬಂತು, ಕಾಲ್ ನಡೆದಾಗ ಕಂಟ್ರೋಲ್ ಸೆಂಟರ್ ಎಳದ್ರ ಅಲ್ಲೇ ಬದ್ಲಿ ಮಾಡ್ಬೌದು. ಗೂಗಲ್ ಪಿಕ್ಸೆಲ್ ಫೋನ್‌ನಾಗಿನ ಕ್ಲಿಯರ್ ಕಾಲಿಂಗ್ ಮಾತ್ರ ಆ ಕಡೆಯವ್ರ ಗದ್ದಲ ನಿಮಗ ಕಮ್ಮಿ ಮಾಡೋಕ ಇರೋದು, ನಿಮ್ಮ ದನಿಗೆ ಅಲ್ಲ. ಇನ್ನೊಂದು ಮಾತು, ಮ್ಯಾಲಿನ ಮೈಕಿನ ತೂತಿನ ಮ್ಯಾಲ ಕವರ್ ಕುಂತ್ರ, ಇಲ್ಲಾ ಫೋನ್ ಹಿಡಿಯೋವಾಗ ಬೆರಳು ಬಂದ್ರ ಎರಡು ಮೈಕಿನ ತಾಳೆ ತಪ್ಪಿ ದನಿ ರೋಬೋಟ್ ಮಾತಾಡಿದಂಗ ಹೋಗಬೌದು. ಕಾಕಾರ ಫೋನ್‌ನಾಗ ಆ ಸೆಟ್ಟಿಂಗ್ ಆಫ್ ಮಾಡಿ ಹೊಸಾ ಕವರ್ ತಗದ ಮ್ಯಾಲ ಮಗ್ಗದ ಸಪ್ಪಳನೂ ಹೋಗ್ತೈತಿ, ಮಾತೂ ಹೋಗ್ತೈತಿ, ಅವ್ರಿಗೆ ಅಷ್ಟ ಸಾಕಿತ್ತು.

ಇಷ್ಟೆಲ್ಲಾ ನೋಡಿದ್ಮ್ಯಾಲೂ ರೆಕಾರ್ಡರ್‌ನಾಗ ದನಿ ಇಲ್ಲ ಅಂದ್ರ ಮೈಕ್ ಕಡೆ ಹೋಗೂಣು. ಮಗ್ಗದವ್ರ ಫೋನಿನ ತೂತಿನ್ಯಾಗ ಹತ್ತಿ ನಾರು, ನೂಲಿಗೆ ಹಚ್ಚೋ ಗಂಜಿ ಪುಡಿ, ಬೆವರು ಕೂಡಿ ಒಂದು ಗಟ್ಟಿ ಪದರ ಆಗಿರ್ತೈತಿ, ಭೂತಗನ್ನಡಿ ಕೆಳಗ ತೂತಿಗೆ ಹಚ್ಚಿರೋ ಸಣ್ಣ ಜಾಳಗಿ ಕಾಣಂಗ ಇಲ್ಲ. ಇದು ಒಂದ್ ದಿನದಾಗ ಆದದ್ದಲ್ಲ, ತಿಂಗಳಗಟ್ಲೆ ಕಮ್ಮಿ ಆಗ್ತಾ ಬಂದ ದನಿ ಅಪ್ಡೇಟ್ ಆದ ದಿನ ಮನಸ್ಸಿಗೆ ಬಂದಿರ್ತೈತಿ. ಒಣ ಮೆತ್ತನ್ನ ಬ್ರಷ್‌ನಿಂದ ಹಗೂರ ಉಜ್ಜ್ರಿ, ಅಷ್ಟ. ಸಿಮ್ ತಗಿಯೋ ಪಿನ್ನು, ಸೂಜಿ ಹಾಕಬ್ಯಾಡ್ರಿ, ಕೈ ಮುಗಿದು ಕೇಳ್ತೀನಿ. ಒಳಗಿನ ಮೈಕ್ ಇರೋದು ನಾಲ್ಕೈದು ಮಿಲಿಮೀಟರ್‌ಗಿಂತ ಸಣ್ಣ ಲೋಹದ ಡಬ್ಬಿ, ಅದ್ರೊಳಗ ದನಿಗೆ ಅಲುಗೋ ಪೊರೆ ಒಂದು ಮೈಕ್ರಾನ್ ಆಸುಪಾಸು ದಪ್ಪ. ಎಷ್ಟೋ ಮಾಡೆಲ್‌ನಾಗ ಸಿಮ್ ಟ್ರೇ ತೂತೂ ಮೈಕ್ ತೂತೂ ಒಂದ ನಮೂನಿ ಕಾಣ್ತಾವು, ತಪ್ಪಿ ಪಿನ್ ಒತ್ತಿದ್ರ ಜಾಳಗಿ ಹರಿದು ಆ ಪೊರೆ ಒಡೀತೈತಿ, ಆಮ್ಯಾಲ ಯಾವ ಸೆಟ್ಟಿಂಗೂ ಉಪಯೋಗಿಲ್ಲ. ಬ್ಲೋವರ್ ಗಾಳಿ ಜೋರ ಹೊಡದ್ರೂ ಅದ ಗತಿ. ಬಾಯಿಂದ ಊದಿದ್ರ ಉಗುಳಿನ ಹಸಿ ಒಳಗ ಹೋಗ್ತೈತಿ.

ಅಪ್ಡೇಟ್ ಮ್ಯಾಲ ಬಂದ ಅಪವಾದದ ದೊಡ್ಡ ಉದಾಹರಣೆ ಐಫೋನ್ 7. 2018ರಾಗ ಐಓಎಸ್ 11.3 ಆದ್ಮ್ಯಾಲ ಕೆಲವು ಐಫೋನ್ 7, 7 ಪ್ಲಸ್‌ನಾಗ ಕಾಲ್ ನಡುವ ಸ್ಪೀಕರ್ ಬಟನ್ ಬಣ್ಣಗೆಟ್ಟು ಒತ್ತಾಕ ಬರ್ತಿರ್ಲಿಲ್ಲ, ವಾಯ್ಸ್ ಮೆಮೋ ರೆಕಾರ್ಡ್ ಆಗ್ತಿರ್ಲಿಲ್ಲ. ರಿಪೇರಿ ಮಾಡವ್ರು ಬೋರ್ಡ್ ಬಿಚ್ಚಿ ನೋಡಿದಾಗ ಆಡಿಯೋ ಐಸಿ (ದನಿ ಸಂಭಾಳಿಸೋ ಚಿಪ್) ಕೆಳಗಿನ ಜಾಯಿಂಟ್ ಬಿರುಕು ಬಿಟ್ಟಿದ್ದು ಸಿಕ್ಕಿತು, ಬೋರ್ಡ್ ಬಾಗಿ ಬಾಗಿ ಆದದ್ದು. ಅಂಥಾ ಫೋನಿಗೆ ಎಷ್ಟ್ ಸಲ ಸಾಫ್ಟ್‌ವೇರ್ ಹಾಕಿದ್ರೂ ದನಿ ಬರಂಗಿಲ್ಲ, ಐಸಿ ಎತ್ತಿ ಜಾಯಿಂಟ್ ಮಾಡ್ಬೇಕು.

ಆಂಡ್ರಾಯ್ಡ್ ಭಾಳಷ್ಟು ಫೋನ್‌ನಾಗ ಮೇನ್ ಮೈಕ್ ಇರೋದು ಚಾರ್ಜಿಂಗ್ ಬೋರ್ಡ್ ಮ್ಯಾಲ. ಹೋದ ತಿಂಗಳ ಚಾರ್ಜಿಂಗ್ ಬೋರ್ಡ್ ಬದ್ಲಿ ಮಾಡಿಸಿದ್ರ ಅದನ್ನ ಮೊದ್ಲ ಹೇಳ್ರಿ, ಡೂಪ್ಲಿಕೇಟ್ ಬೋರ್ಡ್ ಚಾರ್ಜ್ ಛಲೋ ಮಾಡ್ತಿದ್ರೂ ಅದ್ರ ಮೈಕ್ ದನಿ ಮಂದ ಕೊಡ್ತೈತಿ, ಮೈಕಿನ ರಬ್ಬರ್ ಸರಿ ಕೂಡದಿದ್ರೂ ಹಂಗ. ಬದ್ಲಿ ಮಾಡಿಸ್ತೀರಿ ಅಂದ್ರ ಫೋನ್ ಮುಚ್ಚೋಕಿಂತ ಮೊದ್ಲ ಅಲ್ಲೇ ನಿಂತು ರೆಕಾರ್ಡರ್‌ನಾಗ ಮಾತಾಡಿ ಕೇಳ್ರಿ, ಹಳೇ ಬೋರ್ಡ್ ವಾಪಸ್ ತಗೋರಿ.

ಫ್ಯಾಕ್ಟರಿ ರೀಸೆಟ್ ಮಾಡಿಬಿಡೂಣು ಅಂತ ಯಾರರ ಮೊದಲನೇ ನಿಮಿಷಕ್ಕ ಅಂದ್ರ ಒಪ್ಪಬ್ಯಾಡ್ರಿ. ಫೋಟೋ, ನಂಬರ್, ವಾಟ್ಸಾಪ್ ಎಲ್ಲಾ ಹೋಗ್ತೈತಿ, ಮುಚ್ಚಿದ ತೂತು ಮುಚ್ಚೇ ಇರ್ತೈತಿ. ಮೊದ್ಲ ನೆಟ್‌ವರ್ಕ್ ಸೆಟ್ಟಿಂಗ್ ರೀಸೆಟ್ ಸಾಕು, ವೈಫೈ ಪಾಸ್‌ವರ್ಡ್ ಮತ್ತ ಹಾಕ್ಬೇಕಾಗ್ತೈತಿ, ಬ್ಲೂಟೂತ್ ಮತ್ತ ಜೋಡಿಸ್ಬೇಕಾಗಬೌದು. ಹಳೇ ವರ್ಷನ್ ಹಾಕಿ ಕೊಡ್ರಿ ಅಂತ ಕೇಳವ್ರಿಗೂ ನಾ ಬ್ಯಾಡ ಅಂತೀನಿ, ಈಗಿನ ಭಾಳಷ್ಟು ಫೋನ್‌ನಾಗ ಹಿಂದಕ ಹೋಗದಂಗ ತಡೆ ಇರ್ತೈತಿ, ಬಲವಂತದಿಂದ ಮಾಡಾಕ ಹೋದ್ರ ಫೋನ್ ಚಾಲೂನ ಆಗಂಗಿಲ್ಲ, ಬೂಟ್‌ಲೋಡರ್ (ಫೋನ್ ಚಾಲು ಮಾಡೋ ಮೊದಲನೇ ಸಾಫ್ಟ್‌ವೇರ್) ಅನ್‌ಲಾಕ್ ಮಾಡಿದ್ರ ಡೇಟಾ ಅಳಿಸಿ ಹೋಗ್ತೈತಿ, ಬ್ಯಾಂಕ್ ಆ್ಯಪ್‌ಗಳೂ ತಕರಾರು ತಗೀತಾವು. ಅಪ್ಡೇಟಿನದ ತಪ್ಪು ಇದ್ರ ತಿದ್ದಿದ ಸಣ್ಣ ಅಪ್ಡೇಟ್ ಹಿಂದ ಬರೋ ಸಾಧ್ಯತೆ ಹೆಚ್ಚು, ಅಲ್ಲಿ ತನಕ ವಾಯರ್ ಇಯರ್‌ಫೋನ್‌ನಾಗ ಕೆಲ್ಸ ನಡಸ್ರಿ.

ವಾರಂಟಿ ಒಳಗ ಇದ್ರ ನನ್ನಂಥವ್ರ ಹತ್ರ ಬಿಚ್ಚಸಬ್ಯಾಡ್ರಿ, ಸರ್ವಿಸ್ ಸೆಂಟರ್‌ಗೆ ಹೋಗ್ರಿ. ಹೋಗೋವಾಗ *#06# ಒತ್ತಿ ಬಂದ ಐಎಂಇಐ ನಂಬರ್ ಬರ್ಕೊಳ್ರಿ, ಸೆಟ್ಟಿಂಗ್‌ನಾಗಿನ ಬಿಲ್ಡ್ ನಂಬರ್ (ಈಗಿರೋ ಸಾಫ್ಟ್‌ವೇರಿನ ಗುರುತು), ಅಪ್ಡೇಟ್ ಆದ ತಾರೀಖು, ಯಾವ ನಮೂನಿ ಕಾಲ್‌ನಾಗ ಕೇಳವಲ್ದು ಯಾವುದ್ರಾಗ ಕೇಳ್ತೈತಿ ಅನ್ನೋದು, ಇಷ್ಟನ್ನೂ ಅವ್ರು ಕೊಡೋ ರಿಪೇರಿ ಚೀಟಿ, ಅಂದ್ರ ಜಾಬ್ ಶೀಟ್‌ನಾಗ ಬರಸ್ರಿ. ಬರೇ "ಮೈಕ್ ಪ್ರಾಬ್ಲಮ್" ಅಂತ ಬರದ್ರ ಅವ್ರ ಶಾಂತ ಕೋಣ್ಯಾಗ ಟೆಸ್ಟ್ ಮಾಡಿ ಸರಿ ಐತಿ ಅಂತ ವಾಪಸ್ ಕಳಸ್ತಾರ. ಮಗ್ಗದ ಶೆಡ್‌ನಾಗಿನ ರೆಕಾರ್ಡಿಂಗ್ ಇದ್ರ ಅದನ್ನೂ ಕೇಳಸ್ರಿ. ವಾರಂಟಿ ಇದ್ದೂ ನೋಡವಲ್ರು ಅಂದ್ರ ಗ್ರಾಹಕರ ಸಹಾಯವಾಣಿ 1915ಕ್ಕ ಫೋನ್ ಮಾಡ್ರಿ, ಆ ಜಾಬ್ ಶೀಟ್ ನಂಬರ್ ಕೈಯಾಗ ಇರ್ಲಿ.