ಉಕಾಯ್ ಜಲಾಶಯ: ಆಗಸ್ಟ್‌ನಲ್ಲಿ ಎಷ್ಟು ಅಡಿ ಖಾಲಿ ಇರಬೇಕು?

1968ರ ಆಗಸ್ಟ್‌ನಲ್ಲಿ ತಾಪಿ ನದಿ ಉಕ್ಕಿ ಸೂರತ್ ಮುಳುಗಿದಾಗ ಹರಿವು 15 ಲಕ್ಷ ಕ್ಯೂಸೆಕ್ ಆಸುಪಾಸಿನಲ್ಲಿತ್ತು. ನಗರದಿಂದ ಸುಮಾರು 100 ಕಿ.ಮೀ. ಮೇಲೆ ಉಕಾಯ್ ಅಣೆಕಟ್ಟಿನ ಕೆಲಸ ಆಗಿನ್ನೂ ನಡೆದಿತ್ತು. 1972ರಲ್ಲಿ ಅದು ಮುಗಿಯಿತು. ಊರು ಧೈರ್ಯವಾಗಿ ನದಿಯಂಚಿಗೇ ಬೆಳೆಯಿತು. 2006ರ ಆಗಸ್ಟ್‌ನಲ್ಲಿ ಅದೇ ಅಣೆಕಟ್ಟಿನಿಂದ 9 ಲಕ್ಷ ಕ್ಯೂಸೆಕ್‌ನಷ್ಟು ನೀರು ಬಿಟ್ಟಾಗ ಸೂರತ್‌ನ ಬಹುಭಾಗ ಮತ್ತೆ ಜಲಾವೃತವಾಯಿತು.

ಗೇಟು ತೆರೆದದ್ದು ತಡವಾಯಿತು ಎಂಬ ದೂರು ಆಗಲೇ ಎದ್ದಿತು. ತಡ ಯಾಕಾಗುತ್ತದೆ ಎಂದು ತಿಳಿಯಲು ಜಲಾಶಯದ ಲೆಕ್ಕ ನೋಡಬೇಕು. ಇಲ್ಲಿ 75 ಮೆಗಾವಾಟ್‌ನ ನಾಲ್ಕು ಟರ್ಬೈನ್‌ಗಳಿವೆ. ನೀರಿನ ಮಟ್ಟ ಏರಿದಷ್ಟೂ ಅಷ್ಟೇ ನೀರಿಗೆ ಹೆಚ್ಚು ಕರೆಂಟು. ನಾಲೆಗಳಿಗೂ ತುಂಬಿದ ಜಲಾಶಯವೇ ಬೇಕು. ಪ್ರವಾಹ ತಡೆಯಲು ಮಾತ್ರ ಜಾಗ ಖಾಲಿ ಇರಬೇಕು.

ಈ ಜಗಳಕ್ಕೆ ಮಾಡಿಕೊಂಡ ರಾಜಿಯೇ ರೂಲ್ ಲೆವೆಲ್, ಅಂದರೆ ಆಯಾ ದಿನಕ್ಕೆ ನೀರು ಎಲ್ಲಿಯವರೆಗೆ ನಿಲ್ಲಬಹುದು ಎಂಬ ನಿಗದಿತ ಮಟ್ಟ: ಜುಲೈ 1ಕ್ಕೆ 321 ಅಡಿ, ಆಗಸ್ಟ್ 1ಕ್ಕೆ 333 ಅಡಿ, ಅಕ್ಟೋಬರ್ ಹೊತ್ತಿಗೆ ಪೂರ್ಣಮಟ್ಟ 345 ಅಡಿ. ಹಿನ್ನೀರು ತುಂಬಿದಾಗ 600 ಚದರ ಕಿ.ಮೀ. ಹರಡುವುದರಿಂದ ಮೇಲಿನ ಒಂದೊಂದು ಅಡಿಯೂ ಸುಮಾರು 6 ಟಿಎಂಸಿ. ಹಾಗಾಗಿ ಆಗಸ್ಟ್ ಆರಂಭದಲ್ಲಿ ಉಳಿಯುವ 12 ಅಡಿ ಎಂದರೆ 70 ಟಿಎಂಸಿ ಜಾಗ. ಕೇಳಲು ದೊಡ್ಡದು. ಆದರೆ ಒಳಹರಿವು 10 ಲಕ್ಷ ಕ್ಯೂಸೆಕ್ ಇದ್ದು, ಸೂರತ್‌ನ ತಗ್ಗು ಬಡಾವಣೆಗಳನ್ನು ಉಳಿಸಲು 4 ಲಕ್ಷವನ್ನಷ್ಟೇ ಬಿಟ್ಟರೆ ದಿನಕ್ಕೆ 52 ಟಿಎಂಸಿ ಒಳಗೇ ನಿಲ್ಲುತ್ತದೆ. ಒಂದೂವರೆ ದಿನದೊಳಗೆ ಜಾಗ ಮುಗಿಯಿತು. ಆಮೇಲೆ ಬಂದಷ್ಟೂ ನೀರನ್ನು ಬಿಡದೆ ವಿಧಿಯಿಲ್ಲ, ಇಲ್ಲದಿದ್ದರೆ ಮಣ್ಣಿನ ಏರಿಗೇ ಅಪಾಯ.

ಟರ್ಬೈನ್ ಮೂಲಕವೇ ಖಾಲಿ ಮಾಡೋಣವೆಂದರೆ ನಾಲ್ಕೂ ಓಡಿದರೂ ಹೋಗುವುದು 25 ಸಾವಿರ ಕ್ಯೂಸೆಕ್‌ನಷ್ಟು ಮಾತ್ರ. ಉಳಿದದ್ದು 22 ಕ್ರಸ್ಟ್ ಗೇಟುಗಳಿಂದಲೇ ಹೋಗಬೇಕು, ಅದರಿಂದ ಒಂದು ಯೂನಿಟ್ ವಿದ್ಯುತ್ತೂ ಸಿಗದು. ಮಧ್ಯಪ್ರದೇಶ, ಮಹಾರಾಷ್ಟ್ರಗಳ ಮಳೆಯ ಮುನ್ಸೂಚನೆ ನಂಬಿ ಮೊದಲೇ ನೀರು ಬಿಟ್ಟು, ಆ ಮಳೆ ಬಾರದೆ ಹೋದರೆ ಮುಂದಿನ ಬೇಸಿಗೆಯಲ್ಲಿ ಜವಾಬು ಕೊಡಬೇಕಾದವರೂ ಅಣೆಕಟ್ಟಿನವರೇ.

ಕೆಳಗೆ ಸೂರತ್‌ನಲ್ಲಿ ನದಿಯ ಪಾತ್ರವೂ ಮೊದಲಿನಂತಿಲ್ಲ. ದಡ ಒತ್ತುವರಿಯಾಗಿದೆ, 1995ರ ಸಿಂಗನ್‌ಪೋರ್ ಒಡ್ಡಿನ ಹಿಂದೆ ಹೂಳು ಕೂತಿದೆ. ಸಮುದ್ರ ಹತ್ತಿರ, ಉಬ್ಬರದ ಹೊತ್ತಿನಲ್ಲಿ ಹೊರಹರಿವು ತಲುಪಿದರೆ ನೀರು ಇಳಿಯಲು ದಾರಿಯೇ ಇರುವುದಿಲ್ಲ. ಆದ್ದರಿಂದ ಉಕಾಯ್‌ನಲ್ಲಿ ಗೇಟು ಎತ್ತುವವರು ಖಂಬಾತ್ ಕೊಲ್ಲಿಯ ಉಬ್ಬರದ ವೇಳಾಪಟ್ಟಿಯನ್ನೂ ನೋಡಬೇಕಾಗುತ್ತದೆ.